ಆಚೆ ಇಳಿಜಾರಿನ ಕಪ್ಪು

ಏಪ್ರಿಲ್ 26, ಶುಕ್ರವಾರ

ನಸುಕಿಗೇ ಅಲ್ ವಕ್ರಾದ ನಮ್ಮ ಮನೆಯಿಂದ ಹೊರಟು ದುಖಾನ್ ಕಡೆಯ ಮರುಭೂಮಿಯ ಸುಣ್ಣಕಲ್ಲಿನ ಗುಡ್ಡಗಳಿಗೆ ಹೋಗಿ ಬಂದೆವು, ಮಗ ಅಝರ್‌ನ ಅಭ್ಯಾಸಕ್ಕೆಂದು. ಮುಂದಿನ ತಿಂಗಳು ನಮ್ಮ ಅರಬಿ ಧಣಿ ಬೂ ಹಮದ್ ಅವರು ಕರಿ ಕರಡಿಯ ಬೇಟೆಗೆ ಕೆನಡಾಕ್ಕೆ ಹೋಗುತ್ತಾರೆ. ದುರ್ಬೀನಿನಲ್ಲಿ ಕರಡಿಯನ್ನು ಹುಡುಕಿ ತೋರಿಸಲು ಈ ಸಲ ನನ್ನ ಮಗನೇ ಬೇಕಂತೆ. ಅಲ್ಲಿನ ಗೈಡ್‌ಗಿಂತ ಇವನ ಕಣ್ಣು ಮೇಲು ಎಂದು ಮಜ್ಲಿಸಿನಲ್ಲಿ, ಅತಿಥಿಗಳು ಕೂರುವ ಚಾವಡಿಯಲ್ಲಿ, ಎಲ್ಲರೆದುರು ಹೇಳಿದರಂತೆ.

ಸೂಕ್‌ನಲ್ಲಿ, ಅಂದರೆ ಇಲ್ಲಿಯ ಹಳೇ ಪೇಟೆಯಲ್ಲಿ, ಗಿಡುಗ ಮಾರುವವರ ಸಾಲಿನ ಹಿಂದೆ ಇರುವ ದುರ್ಬೀನಿನ ಅಂಗಡಿ ಬೂ ಹಮದ್ ಅವರದು. ಮೂವತ್ತೊಂದು ವರ್ಷ ಅದನ್ನು ನಡೆಸಿದವರು ನನ್ನ ಗಂಡ ಪಕೀರಬ್ಬ. ಅವರು ತೀರಿಕೊಂಡ ಮೇಲೆ ಅಝರ್ ನಡೆಸುತ್ತಿದ್ದಾನೆ. ನಾವಿರುವ ಫ್ಲ್ಯಾಟ್ ಕೂಡ ಬೂ ಹಮದ್ ಕೊಟ್ಟದ್ದು. ಕೆಳಗಿನ ಮಹಡಿಯಲ್ಲಿ ಅವರ ಅಡುಗೆಯವನು ಕ್ಲಿಫರ್ಡ್, ಹೆಂಡತಿ ವೆರೋನಿಕಾ ಮತ್ತು ಮಗಳು ಹೇಜಲ್ ಇದ್ದಾರೆ. ಅವರೂ ಮಂಗಳೂರಿನವರೇ. ಕ್ಲಿಫರ್ಡ್ ಪ್ರತಿ ವರ್ಷ ಬೇಟೆಗೆ ಅಡುಗೆ ಮಾಡಲು ಹೋಗುತ್ತಾನೆ. ಅವನಿಗೆ ಬಾಯಿ ಸ್ವಲ್ಪ ಜಾಸ್ತಿ.

ಅವನೇ ಮೊದಲು ಹೋಗಿ ಕಪ್ಪು ಕಸದ ಚೀಲಗಳಿಗೆ ಮರಳು ತುಂಬಿ, ಬಂಡೆಗಳ ಮಧ್ಯೆ ಅಲ್ಲಲ್ಲಿ ಇಟ್ಟು ಬಂದಿದ್ದ. ಅಝರ್ ಮುಕ್ಕಾಲು ಮೈಲಿ ಈಚೆ ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸಿ ಹುಡುಕತೊಡಗಿದ. ಮೊದಲು ಸಣ್ಣ ದುರ್ಬೀನು ಹಿಡಿದು ಗುಡ್ಡವನ್ನು ಗದ್ದೆಯ ಹಾಗೆ ಪಟ್ಟಿ ಪಟ್ಟಿಯಾಗಿ ಭಾಗ ಮಾಡಿ, ಎಡದಿಂದ ಬಲಕ್ಕೆ, ಮತ್ತೆ ಬಲದಿಂದ ಎಡಕ್ಕೆ ನೋಡುವುದು. ನೆರಳಿಗಿಂತ ಕಪ್ಪಾದದ್ದು ಏನಾದರೂ ಸಿಕ್ಕಿದರೆ ಅಲ್ಲಿಗೆ ದೊಡ್ಡದನ್ನು ತಿರುಗಿಸುವುದು. ಇಡೀ ಪ್ರಾಣಿಯನ್ನು ಹುಡುಕಬಾರದು, ಒಂದು ಕಿವಿ, ಒಂದು ಬೆನ್ನು ಹುಡುಕಬೇಕು ಎಂದು ಹೆಂಡತಿ ಹಿಬಾಳಿಗೆ ಹೇಳಿಕೊಡುತ್ತಿದ್ದ. ಎಂಟು ಗಂಟೆಯ ಹೊತ್ತಿಗೆ ನೆಲದ ಬಿಸಿ ಎದ್ದು ಗಾಜಿನಲ್ಲಿ ಎಲ್ಲವೂ ನೀರಿನಂತೆ ಅಲುಗತೊಡಗಿತು. ಅಷ್ಟರಲ್ಲಿ ಅವನು ಹದಿಮೂರು ಎಣಿಸಿ ಮುಗಿಸಿದ್ದ.

ಕ್ಲಿಫರ್ಡ್ ಚಾದ ಫ್ಲಾಸ್ಕ್ ಹಿಡಿದುಕೊಂಡು, "ನಾನಿಟ್ಟದ್ದು ಹನ್ನೆರಡು ಮಾರಾಯ್ರೆ. ಒಂದು ಮರಿ ಹಾಕಿತಾ ಎಂತ?" ಎಂದ. ಹದಿಮೂರನೆಯದು ಬಂಡೆಯ ನೆರಳಾಗಿತ್ತು. ಹಿಬಾ ಕೂಡ ನಕ್ಕಳು.

"ಹನ್ನೆರಡೂ ಸಿಕ್ಕಿತಲ್ಲ. ನಗುವವರು ಒಂದನ್ನಾದರೂ ಹುಡುಕಿ ತೋರಿಸಲಿ" ಎಂದೆ. ನಗು ನಿಂತಿತು.

ನನ್ನ ಗಂಡನಾಗಿದ್ದರೆ ಮಧ್ಯಾಹ್ನದ ತನಕ ನೋಡುತ್ತಿದ್ದರು. ಗಾಜಿನಲ್ಲಿ ಏನು ಕಂಡರೂ ತಸ್ಬಿಯ ತೊಂಬತ್ತೊಂಬತ್ತು ಮಣಿ ಎಣಿಸಿ ಮುಗಿಯುವವರೆಗೆ ಬಾಯಿ ಬಿಡುತ್ತಿರಲಿಲ್ಲ. ಗಿರಾಕಿಯ ಎದುರು ಹೀಗೆ ತಡವರಿಸಿದರೆ ಮರ್ಯಾದೆ ಉಳಿಯುತ್ತದೆಯೇ ಎಂದು ಎಷ್ಟು ಸಲ ಹೇಳಿದ್ದೇನೋ. ಅಝರ್ ಹಾಗಲ್ಲ. ಕೇಳಿದ ಕೂಡಲೇ ಉತ್ತರ ಕೊಡುತ್ತಾನೆ. ನಾನು ಹಾಗೆ ಬೆಳೆಸಿದ್ದೇನೆ.

ಮೇ 13, ಸೋಮವಾರ

ಇಬ್ಬರೂ ಹೊರಟರು. ವೆರೋನಿಕಾ ಗಂಡನಿಗೆ ಹೊಸ ಕಪ್ಪು ಜಾಕೆಟ್ ತಂದು ಮೆಟ್ಟಿಲ ಮೇಲೆ ನಿಲ್ಲಿಸಿ ತೊಡಿಸಿ ನೋಡುತ್ತಿದ್ದಳು. "ಅಲ್ಲಿ ಈಗಲೂ ಹಿಮ ಉಂಟಂತೆ ಆಂಟಿ" ಎಂದಳು. ಅಡುಗೆಯವನು ಒಲೆಯ ಹತ್ತಿರವೇ ಇರುತ್ತಾನೆ, ಅವನಿಗೆಂಥ ಚಳಿ ಎಂದೆ. ಅವಳು ಜಾಕೆಟಿನ ಜಿಪ್ಪನ್ನು ಅವನ ಕುತ್ತಿಗೆಯವರೆಗೆ ಎಳೆದಳು.

ಅಝರ್ ನನ್ನ ಕೈಗೆ ಮುತ್ತಿಟ್ಟು ಹೋದ.

ಮೇ 20, ಸೋಮವಾರ

ಫೋನಿಗೆ ಅಝರ್‌ನ ವಾಯ್ಸ್ ಮೆಸೇಜ್ ಬಂತು. ಕರಡಿಗಳು ಚಳಿಗಾಲದ ನಿದ್ದೆಯಿಂದ ಎದ್ದು, ಮರ ಕಡಿದ ಇಳಿಜಾರುಗಳಲ್ಲಿ ಹೊಸ ಹುಲ್ಲು ಮೇಯಲು ಬರುತ್ತವಂತೆ. ದನದ ಹಾಗೆ ತಲೆ ತಗ್ಗಿಸಿ ಮೇಯುತ್ತವೆ. ಸುಟ್ಟ ಮರದ ಬೊಡ್ಡೆಗಳೂ ದೂರಕ್ಕೆ ಕರಡಿಯಂತೆಯೇ ಕಾಣುತ್ತವೆ. ಅದಕ್ಕೇ ಮೂತಿಯ ಕಂದು ಬಣ್ಣ ಕಂಡ ಮೇಲೆಯೇ ಹೇಳಬೇಕೆಂದು ಅಲ್ಲಿನ ಗೈಡ್‌ನ ಕಟ್ಟಪ್ಪಣೆ. ಅಝರ್ ಮೂರು ಕರಡಿ ತೋರಿಸಿದರೂ ಗೈಡ್ ಮೂತಿ ಕಾಣಲಿ, ಕಾಣಲಿ ಎಂದು ಕಾಯಿಸಿದನಂತೆ. ಕಾಯುವಷ್ಟರಲ್ಲಿ ಮೂರೂ ಕಾಡು ಸೇರಿದವು. ಬೂ ಹಮದ್ ಮುಖ ಗಂಟಿಕ್ಕಿಕೊಂಡಿದ್ದಾರೆ.

ನಾನು ತಿರುಗಿ ವಾಯ್ಸ್ ಕಳಿಸಿದೆ: "ಗೈಡ್‌ನ ಮಾತು ಕೇಳಿಕೊಂಡು ಕೂರಲು ನಿನ್ನನ್ನು ಕರೆದುಕೊಂಡು ಹೋಗಿದ್ದಲ್ಲ. ಕಂಡ ಕೂಡಲೇ ಹೇಳು. ನಿನ್ನ ಬಾವನ ಹಾಗೆ ಕೂರಬೇಡ." ನಮ್ಮ ಬ್ಯಾರಿಯಲ್ಲಿ ಅಪ್ಪನಿಗೆ ಬಾವ ಎನ್ನುವುದು.

ಮೇ 23, ಗುರುವಾರ

ಕ್ಲಿಫರ್ಡ್‌ಗೆ ಗುಂಡು ತಗಲಿದೆ. ಸತ್ತಿದ್ದಾನೆ.

ಬೂ ಹಮದ್ ಅವರ ಆಫೀಸಿನವನು ಬಂದು ಹೇಳಿದ. ಟೆಂಟಿನಲ್ಲೇ ಇರಬೇಕಾದವನು ಯಾರಿಗೂ ಹೇಳದೆ ಬೇಟೆಯ ಜಾಗಕ್ಕೆ ಹೋಗಿದ್ದನಂತೆ. ಸಂಜೆಯ ಮಬ್ಬು ಬೆಳಕು. ಗುಂಡು ಹಾರಿಸಿದ್ದು ಬೂ ಹಮದ್ ಅವರೇ.

ಕೆಳಗಿನಿಂದ ಹೇಜಲ್ ಕಿರುಚಿದ್ದು ಇಲ್ಲಿಯವರೆಗೂ ಕೇಳಿತು. ನಾನು ಹೋದೆ. ಬಾಗಿಲಲ್ಲಿ ತುಂಬಾ ಜನ ಇದ್ದರು. ವಾಪಸು ಬಂದೆ.

ಮೇ 24, ಶುಕ್ರವಾರ

ಬೆಳಿಗ್ಗೆ ಅಝರ್‌ನ ವಾಯ್ಸ್. ನಾಲ್ಕು ನಿಮಿಷ ಹನ್ನೊಂದು ಸೆಕೆಂಡು ಇದೆ. ಅರ್ಧ ಅಳು. ನಮ್ಮ ಬ್ಯಾರಿಯಲ್ಲಿ ಹೇಳಿದ್ದನ್ನು ಇಲ್ಲಿ ಬರೆದಿಡುತ್ತೇನೆ. ಮನೆಯಲ್ಲಿ ಕನ್ನಡ ಓದುವವರು ನನ್ನ ಬಿಟ್ಟು ಬೇರೆ ಯಾರೂ ಇಲ್ಲ.

ಗೈಡ್ ಬೂ ಹಮದ್ ಅವರ ತಮ್ಮನ ಜೊತೆ ಗುಡ್ಡದ ಹಿಂದೆ ಹೋಗಿದ್ದ. ಈಚೆ ಬೂ ಹಮದ್ ಮತ್ತು ಅಝರ್ ಇಬ್ಬರೇ. ಸಂಜೆ ಕ್ಲಿಫರ್ಡ್ ವಾಕಿಟಾಕಿಯಲ್ಲಿ ಅಝರ್‌ಗೆ ಹೇಳಿದ: "ಆಚೆ ಇಳಿಜಾರಲ್ಲಿ ಜರೀಗಿಡದ ಎಳೆ ಚಿಗುರು ಉಂಟು, ಸುರುಳಿ ಸುರುಳಿ, ನಮ್ಮೂರಿನ ಹಾಗೇ. ಒಂದು ಹಿಡಿ ತರ್ತೇನೆ. ನಿಮ್ಮ ಕರಡಿಗೆ ಹೇಳಿ, ನನಗೂ ಸ್ವಲ್ಪ ಬಿಡ್ಲಿಕ್ಕೆ." ಅಝರ್ ಆಯ್ತು ಎಂದ. ಗಾಜಿನಿಂದ ಕಣ್ಣು ತೆಗೆಯದೆಯೇ ಹೇಳಿದ. ಆಮೇಲೆ ಮರೆತ.

ಮುಕ್ಕಾಲು ಗಂಟೆಯ ಮೇಲೆ ಗಾಜಿನಲ್ಲಿ ಒಂದು ಕಪ್ಪು ಬೆನ್ನು ಕಂಡಿತು. ಬಗ್ಗಿ, ಒಂದೆರಡು ಹೆಜ್ಜೆ ಇಟ್ಟು, ಮತ್ತೆ ಬಗ್ಗುತ್ತಿತ್ತು. ಬೂ ಹಮದ್ "ಅಕೀದ್?" ಎಂದು ಕೇಳಿದರು, ಖಾತ್ರಿಯೇ ಎಂದು. ಅಝರ್ "ಅಕೀದ್" ಎಂದ. ಅವರು ಎರಡನೇ ಸಲವೂ ಕೇಳಿದರು. ಎರಡನೇ ಸಲವೂ ಅದನ್ನೇ ಹೇಳಿದ.

"ಮೂತಿ ನೋಡಲಿಲ್ಲ ಉಮ್ಮ. ನೋಡಲಿಲ್ಲ" ಎಂದು ಕೊನೆಯ ಒಂದು ನಿಮಿಷ ಅದೊಂದನ್ನೇ ಹೇಳುತ್ತಿದ್ದಾನೆ. ದೂರದಿಂದಲೂ ಮನುಷ್ಯರೆಂದು ತಿಳಿಯಲು ಬೇಟೆಯವರಿಗೆಲ್ಲ ಕಿತ್ತಳೆ ಬಣ್ಣದ ಅಂಗಿ ಇತ್ತಂತೆ. ಅಡುಗೆಯವನಿಗೆ ಒಂದು ಕೊಡಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಪೊಲೀಸರಿಗೆ ಬೂ ಹಮದ್ ಹೇಳಿಕೆ ಕೊಟ್ಟಾಗಿದೆ, ಅಡುಗೆಯವನು ಹೇಳದೆ ಹೋಗಿದ್ದ ಎಂದು. ಅಝರ್ ಕೂಡ ಅದಕ್ಕೇ ಸಹಿ ಹಾಕಿದ್ದಾನೆ.

ಮಧ್ಯಾಹ್ನ ಫೋನ್ ಮಾಡಿದ. ವಾಯ್ಸ್ ಅಳಿಸಿಬಿಡಿ ಉಮ್ಮ ಎಂದ. ಅಳಿಸಲು ನನಗೆ ಬಾರದು ಎಂದೆ. ಬರುತ್ತದೆ.

ಮೇ 27, ಸೋಮವಾರ

ಇಂದು ವೆರೋನಿಕಾಳ ಮನೆಯಲ್ಲಿ ಒಂದು ಗಂಟೆ ಕೂತಿದ್ದೆ. ಗಂಜಿ ತೆಗೆದುಕೊಂಡು ಹೋಗಿದ್ದೆ. ಶವ ಇನ್ನೂ ಅಲ್ಲೇ ಇದೆ, ಕಾಗದಪತ್ರ ಆಗಬೇಕು. ಜೂನ್ ಹದಿನಾಲ್ಕರಂದು ಮಂಗಳೂರಿಗೆ ಬರುತ್ತದಂತೆ. ಅದೇ ದಿನ ಮುಟ್ಟುವಂತೆ ತಾಯಿ ಮಗಳೂ ಹೊರಡುತ್ತಾರೆ. ಇಲ್ಲಿ ಇವರ ವೀಸಾ ಇದ್ದದ್ದು ಅವನ ಹೆಸರಲ್ಲಿ. ಇನ್ನು ವಾಪಸು ಬರುವಂತಿಲ್ಲ.

ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅವಳಿಗೆ ಸಿಟ್ಟು.

"ಹೇಳದೆ ಹೋಗ್ಲಿಕ್ಕೆ ಇವರಿಗೆ ಎಂತ ಆಗಿತ್ತು ಆಂಟಿ? ಬಂದೂಕು ಹಿಡಿದವರು ಕೂತಿದ್ದಾರೆ ಅಂತ ಗೊತ್ತುಂಟಲ್ಲ? ಸಣ್ಣ ಮಗುವಾ?" ಎಂದಳು. ಆಮೇಲೆ ಮೇಜಿನ ಮೇಲಿದ್ದ ಅವನ ಫೋಟೋ ಕಡೆಗೆ ತಿರುಗಿ, "ಎಂತ ಸಿಕ್ಕಿತು ನಿಮಗೆ? ಹೇಳಿ, ಎಂತ ಸಿಕ್ಕಿತು?" ಎಂದಳು.

ನಾನು, "ವಿಧಿ" ಎಂದೆ. ಗಂಜಿ ತಣ್ಣಗಾಗುತ್ತದೆ, ಕುಡಿ ಎಂದೆ.

ಸತ್ತವನು ಹೇಗೂ ಸತ್ತಾಯಿತು. ಬದುಕಿರುವವನ ತಲೆಯ ಮೇಲೆ ಯಾಕೆ ಹಾಕಬೇಕು. ಮೇಲೆ ಬಂದು ಎರಡು ರಕಅತ್ ಹೆಚ್ಚು ನಮಾಝ್ ಮಾಡಿದೆ.

ಜೂನ್ 1, ಶನಿವಾರ

ಅಝರ್ ಬಂದ. ತೆಳ್ಳಗಾಗಿದ್ದಾನೆ. ಕೆಳಗಿನ ಮಹಡಿಯಲ್ಲಿ ಲಿಫ್ಟ್ ನಿಂತರೆ ಎಂದು ಹೆದರಿ ಮೆಟ್ಟಿಲು ಹತ್ತಿ ಬಂದನಂತೆ. ಮೆಟ್ಟಿಲೂ ಅವರ ಬಾಗಿಲ ಎದುರಿಗೇ ಹಾದು ಬರುತ್ತದೆ, ಅಷ್ಟೂ ಹೊಳೆಯಲಿಲ್ಲ. ಅಲ್ಲಿ ವೆರೋನಿಕಾ ಸಿಕ್ಕಿ ಅವನ ಎರಡೂ ಕೈ ಹಿಡಿದು, "ಕೊನೆಗೆ ಹತ್ತಿರ ನೀನಾದರೂ ಇದ್ದೆಯಲ್ಲ, ಪುಣ್ಯ" ಎಂದಳಂತೆ.

ಊಟ ಮಾಡಲಿಲ್ಲ.

"ಬಾಯಿ ಮುಚ್ಚಿಕೊಂಡಿರು. ಹದಿನಾಲ್ಕಕ್ಕೆ ಅವರು ಹೋಗುತ್ತಾರೆ" ಎಂದೆ. ತಲೆ ಆಡಿಸಿದ.

ಜೂನ್ 4, ಮಂಗಳವಾರ

ಅಝರ್ ಮಲಗುತ್ತಿಲ್ಲ ಎಂದು ಹಿಬಾ ಹೇಳುತ್ತಾಳೆ. ಅಂಗಡಿಗೆ ಹೋಗಿ ದುರ್ಬೀನುಗಳ ಗಾಜನ್ನು ಒರೆಸಿದ್ದನ್ನೇ ಒರೆಸುತ್ತಾನಂತೆ. ನಿನ್ನೆ ಒಬ್ಬ ಗಿರಾಕಿ ಇದರಲ್ಲಿ ಎಷ್ಟು ದೂರ ಕಾಣುತ್ತದೆ ಎಂದು ಕೇಳಿದ್ದಕ್ಕೆ ಉತ್ತರವೇ ಕೊಡಲಿಲ್ಲವಂತೆ. ಗಿರಾಕಿ ಎದ್ದು ಹೋದ.

ನನ್ನ ಗಂಡನ ಕಬಾಟು ತೆರೆದೆ. ತಸ್ಬಿ ಸಿಕ್ಕಿತು. ಕಿಟಕಿಯ ಹತ್ತಿರ ಕೂತು, ಎದುರು ಕಟ್ಟಡದ ತಾರಸಿಯ ಮೇಲಿದ್ದ ಏನೋ ಕಪ್ಪಾದದ್ದನ್ನು ನೋಡುತ್ತಾ ಎಣಿಸಿದೆ. ಮೊದಲು ಮನುಷ್ಯನ ಹಾಗೆ ಕಂಡಿತು. ಎಪ್ಪತ್ತರ ಹತ್ತಿರ ಬಂದಾಗ ನೀರಿನ ಟ್ಯಾಂಕಿನ ಮುಚ್ಚಳ ಎಂದು ಗೊತ್ತಾಯಿತು. ತೊಂಬತ್ತೊಂಬತ್ತು ಮುಗಿಯಲು ನಾಲ್ಕು ನಿಮಿಷವೂ ಬೇಡ. ತುಂಬಾ ಹೊತ್ತು ಬೇಕೆಂದು ಇಷ್ಟು ವರ್ಷ ಅಂದುಕೊಂಡಿದ್ದೆ.

ಕೆಲಸವಿಲ್ಲದೆ ಮಾಡಿದ್ದು.

ಜೂನ್ 9, ಭಾನುವಾರ

ವೆರೋನಿಕಾಳ ಮನೆಯಲ್ಲಿ ಪ್ರಾರ್ಥನೆ ಇತ್ತು. ಬೂ ಹಮದ್ ಅವರ ಮನೆಯಿಂದ ದೊಡ್ಡ ತಟ್ಟೆಯಲ್ಲಿ ಊಟ ಬಂದಿತ್ತು. ಯಾರೂ ಮುಟ್ಟಲಿಲ್ಲ.

ಹೇಜಲ್‌ಗೆ ಹದಿನಾರು ವರ್ಷ. ಅವಳ ಕನ್ನಡ ಅಷ್ಟಕ್ಕಷ್ಟೇ. ಯಾರೋ ಹೆಂಗಸು ಅವಳ ಬೆನ್ನು ಸವರಿ ಡ್ಯಾಡಿ ಒಳ್ಳೆಯವರು ಎಂದಾಗ, "ಡ್ಯಾಡಿ ಕೇರ್‌ಲೆಸ್. ಆಲ್ವೇಸ್ ಹಾಗೇ. ಟೆಲ್ ಮಾಡ್ಲಿಕ್ಕೆ ಎಂತ ಪ್ರಾಬ್ಲಮ್? ಒನ್ ಮಿನಿಟ್ ಸಾಕಲ್ಲ?" ಎಂದಳು. ಬಂದವರು ಒಬ್ಬರ ಮುಖ ಒಬ್ಬರು ನೋಡಿದರು. ಹೌದು, ಅವನಿಗೆ ಸ್ವಲ್ಪ ಉಡಾಫೆ ಎಂದು ಒಬ್ಬಳು ಮೆಲ್ಲಗೆ ಹೇಳಿದಳು. ಇನ್ನೊಬ್ಬಳು ಹೌದೆಂದಳು. ಹೀಗೆ ಹೌದು ಹೌದು ಎನ್ನುತ್ತಾ ಆ ಕೋಣೆ ತುಂಬಾ ಕ್ಲಿಫರ್ಡ್ ಉಡಾಫೆಯವನಾದ.

ನನ್ನ ಬಾಯಿ ತೆರೆಯಿತು. "ಅವನ ಕೈಯ ಸಾರು ಚೆನ್ನಾಗಿರುತ್ತಿತ್ತು" ಎಂದೆ.

ರಾತ್ರಿ ಬಡಿಸಿಕೊಂಡ ಅನ್ನವನ್ನು ಹಾಗೆಯೇ ಪಾತ್ರೆಗೆ ವಾಪಸು ಹಾಕಿದೆ. ಇಲ್ಲಿಯ ನೀರು ಸರಿಯಿಲ್ಲ.

ಜೂನ್ 12, ಬುಧವಾರ

ಅಝರ್‌ನನ್ನು ಕೂರಿಸಿ ಕೇಳಿದೆ, ಅವಳಿಗೆ ನೀನೇ ಹೇಳುತ್ತೀಯಾ ಎಂದು.

ಅವನು ನನ್ನ ಮುಖವನ್ನೇ ನೋಡಿದ. "ನೀವಲ್ವಾ ಬಾಯಿ ಮುಚ್ಚಿಕೊಂಡಿರು ಅಂದದ್ದು?"

"ಈಗ ಕೇಳ್ತಾ ಇದ್ದೇನೆ."

"ಕೆನಡಾದವರು ಪುನಃ ಕರೀತಾರೆ ಉಮ್ಮ. ಸುಳ್ಳು ಹೇಳಿ ಸಹಿ ಹಾಕಿದ್ದಕ್ಕೆ ಕೇಸ್ ಆಗ್ತದೆ. ಬೂ ಹಮದ್ ಅವರನ್ನೂ ಎಳೀತಾರೆ. ಅವರು ನನ್ನನ್ನು ಬಿಡ್ತಾರಾ? ಕೆಲಸ ಖಲಾಸ್, ಮನೆ ಖಲಾಸ್, ಎಲ್ಲ ಖಲಾಸ್."

ಹಿಬಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಈ ಮನೆಗೆ ಬಂದು ಆರು ವರ್ಷದಲ್ಲಿ ಒಮ್ಮೆಯೂ ನನಗೆ ಎದುರಾಡಿದವಳಲ್ಲ. "ಮಾಮಿ, ಇವರು ಜೈಲಿಗೆ ಹೋದ್ರೆ ಕ್ಲಿಫರ್ಡಣ್ಣ ಎದ್ದು ಬರ್ತಾರಾ?" ಎಂದಳು.

"ಅವನ ಹೆಂಡತಿ ಪ್ರತಿ ದಿನ ಅವನಿಗೆ ಬೈತಾಳೆ" ಎಂದೆ.

"ಬೈಲಿ. ಬೈದು ಸಮಾಧಾನ ಆಗ್ತದೆ."

"ಆಗುವುದಿಲ್ಲ."

"ನಿಮಗೆ ಹೇಗೆ ಗೊತ್ತು?"

ಅಝರ್ ಎದ್ದು ಹೊರಗೆ ಹೋದ. ಅವನ ಹಿಂದೆ ಬಾಗಿಲು ಹಾಕಿದ್ದು ನಾನೇ.

ಜೂನ್ 13, ಗುರುವಾರ

ಸಂಜೆ ನಾಲ್ಕಕ್ಕೆ ಕೆಳಗೆ ಹೋದೆ. ನಾಳೆ ನಸುಕಿಗೆ ಅವರ ವಿಮಾನ. ಪೆಟ್ಟಿಗೆಗಳಿಗೆ ಹಗ್ಗ ಬಿಗಿಯುತ್ತಿದ್ದರು. ಫೋಟೋ ಕೂಡ ಒಳಗೆ ಹೋಗಿತ್ತು.

"ಕೂತ್ಕೊಳ್ಳಿ ಆಂಟಿ. ಚಾ ಮಾಡ್ಲಿಕ್ಕೆ ಪಾತ್ರೆ ಎಲ್ಲ ಕಟ್ಟಿ ಆಯ್ತು" ಎಂದಳು ವೆರೋನಿಕಾ.

"ಚಾ ಬೇಡ. ಕ್ಲಿಫರ್ಡ್ ಹೇಳಿಯೇ ಹೋಗಿದ್ದ."

"ಎಂತ?"

"ವಾಕಿಟಾಕಿಯಲ್ಲಿ ಅಝರ್‌ಗೆ ಹೇಳಿ ಹೋಗಿದ್ದ. ಆಚೆ ಹೋಗ್ತೇನೆ, ಚಿಗುರು ತರ್ತೇನೆ ಅಂತ. ಅಝರ್ ಆಯ್ತು ಅಂದ, ಆಮೇಲೆ ಮರೆತ. ಕರಡಿ ಅಂತ ಹೇಳಿದ್ದೂ ಅವನೇ. ಸರಿಯಾಗಿ ನೋಡದೆ ಹೇಳಿದ. ಕಾಗದದಲ್ಲಿ ಬರೆದದ್ದು ಸುಳ್ಳು."

ನಿಂತುಕೊಂಡೇ ಹೇಳಿದೆ. ಇನ್ನೂ ಮೆಲ್ಲಗೆ ಹೇಳಬಹುದಿತ್ತೇನೋ. ನನಗೆ ಹಾಗೆ ಬರುವುದಿಲ್ಲ.

ಅವಳ ಕೈಯಿಂದ ಹಗ್ಗ ಜಾರಿತು. "ಹೇಳಿ ಹೋದ್ರಾ?" ಎಂದಳು.

"ಹೌದು."

"ಹೇಳಿ ಹೋದ್ರಾ ಇವರು?"

ಫೋನ್ ಕೊಟ್ಟೆ. ಬ್ಯಾರಿ ಅವಳಿಗೆ ಅರ್ಧ ತಿಳಿಯುತ್ತದೆ. ನಾಲ್ಕು ನಿಮಿಷ ಹನ್ನೊಂದು ಸೆಕೆಂಡು ನೆಲದ ಮೇಲೆ ಕೂತು ಕೇಳಿದಳು. "ನಿಮ್ಮ ಕರಡಿಗೆ ಹೇಳಿ" ಎಂಬ ಕ್ಲಿಫರ್ಡ್‌ನ ಮಾತು ಬಂದಲ್ಲಿ ನಿಲ್ಲಿಸಿ ಹಿಂದಕ್ಕೆ ಎಳೆದು ಮತ್ತೆ ಕೇಳಿದಳು. "ಇದು ಅವರದ್ದೇ ಮಾತು" ಎಂದಳು. ಬೆರಳು ಹಾಗೆಯೇ ಮೇಲಕ್ಕೆ ಸರಿದು, ಅದಕ್ಕೂ ಮೊದಲಿನ ನನ್ನ ವಾಯ್ಸ್ ಹೊರಟಿತು. ಕಂಡ ಕೂಡಲೇ ಹೇಳು, ನಿನ್ನ ಬಾವನ ಹಾಗೆ ಕೂರಬೇಡ. ಕೈ ಚಾಚಿ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ನನ್ನ ಸ್ವರ ಅಷ್ಟು ದೊಡ್ಡದೆಂದು ನನಗೆ ಗೊತ್ತಿರಲಿಲ್ಲ.

"ನಿಮಗೆ ಇದು ಯಾವಾಗ ಗೊತ್ತಾದ್ದು?"

"ಮಾರನೇ ದಿನ."

"ನಾನು ಮೂರು ವಾರ ಅವರಿಗೆ ಬೈದೆ ಆಂಟಿ. ನೀವು ಗಂಜಿ ತಂದು ಎದುರು ಕೂತಿದ್ರಿ. ನಾನು ಬೈತಾ ಇದ್ದೆ, ನೀವು ಕೇಳ್ತಾ ಇದ್ರಿ."

"ಹೌದು."

ಹೇಜಲ್ ಕೋಣೆಯ ಬಾಗಿಲಿಗೆ ಬಂದಳು. ವೆರೋನಿಕಾ ಮಗಳನ್ನು ಎಳೆದು ಪಕ್ಕದಲ್ಲಿ ಕೂರಿಸಿಕೊಂಡು ಕೊಂಕಣಿಯಲ್ಲಿ ಏನೋ ಹೇಳಿದಳು. ಅದರಲ್ಲಿ ಡ್ಯಾಡಿ ಎಂಬ ಮಾತು ಎರಡು ಸಲ ಬಂತು. ಹೇಜಲ್ ತಾಯಿಯ ಮಡಿಲಿಗೆ ಮುಖ ಹಾಕಿದಳು. ಗುಂಡಿನ ಸುದ್ದಿ ಬಂದ ದಿನ ಅವಳು ಕಿರುಚಿದ್ದನ್ನು ಕೇಳಿದ್ದೆ. ಇದು ಹಾಗಿರಲಿಲ್ಲ. ಆ ಮನೆಯ ಮಟ್ಟಿಗೆ ಅವನು ಸತ್ತದ್ದು ಇಂದೇ ಎನಿಸಿತು.

ಹೇಜಲ್ ಆ ಎರಡೂ ವಾಯ್ಸ್‌ಗಳನ್ನು ತನ್ನ ಫೋನಿಗೆ ಕಳಿಸಿಕೊಂಡಳು. "ಎಲ್ಲರಿಗೂ ಕೇಳಿಸ್ತೇನೆ. ಪೊಲೀಸ್, ಎಂಬಸಿ, ಚರ್ಚ್. ಬಿಡುದಿಲ್ಲ" ಎಂದಳು ವೆರೋನಿಕಾ.

"ಕೇಳಿಸು" ಎಂದೆ.

"ಇನ್ನು ನೀವು ಹೋಗಿ."

ಬಂದೆ. ಅಝರ್ ಸೋಫಾದ ಮೇಲಿದ್ದ. ಹೇಳಿದೆ. ಅವನು ನನ್ನ ಮೇಲೆ ಕೂಗಾಡುತ್ತಾನೆ ಎಂದುಕೊಂಡಿದ್ದೆ. ಕಾಲು ಮುದುಡಿಕೊಂಡು ಗೋಡೆ ಕಡೆಗೆ ತಿರುಗಿದ. ಹಿಬಾ ಬಟ್ಟೆ ತುಂಬಿಸಿಕೊಳ್ಳತೊಡಗಿದಳು.

ಜೂನ್ 16, ಭಾನುವಾರ

ಬಕ್ರೀದ್. ಮನೆಯಲ್ಲಿ ನಾನೊಬ್ಬಳೇ. ಅಝರ್ ಮತ್ತು ಹಿಬಾ ಗುರುವಾರವೇ ಅಲ್ ಥುಮಾಮಾಕ್ಕೆ, ಹಿಬಾಳ ಅಣ್ಣ ರಮೀಝ್‌ನ ಮನೆಗೆ ಹೋದರು. ಅಂಗಡಿಯ ಬೀಗದ ಕೈಯನ್ನು ಬೂ ಹಮದ್ ತರಿಸಿಕೊಂಡಿದ್ದಾರೆ. ಈ ಫ್ಲ್ಯಾಟ್ ಬಿಡಲು ತಿಂಗಳ ಕೊನೆಯವರೆಗೆ ಸಮಯ ಕೊಟ್ಟಿದ್ದಾರೆ. ಕೆನಡಾದ ಪೊಲೀಸರು ಅಝರ್‌ಗೆ ಎರಡು ಸಲ ಫೋನ್ ಮಾಡಿದರಂತೆ. ಮೊದಲ ಸಲ ಎತ್ತಲಿಲ್ಲ. ಎರಡನೇ ಸಲ ಎತ್ತಿ, ಎಲ್ಲವನ್ನೂ ಮೊದಲಿನಿಂದ ಹೇಳಿದನಂತೆ. ಇದನ್ನು ರಮೀಝ್ ಫೋನಿನಲ್ಲಿ ಹೇಳಿದ. ಅಝರ್ ನನ್ನ ಜೊತೆ ಮಾತಾಡುವುದಿಲ್ಲ.

ಈದ್ ನಮಾಝಿನ ನಂತರ ಹಿಬಾ ಒಬ್ಬಳೇ ಬಂದಳು, ಉಳಿದ ಬಟ್ಟೆಗೆಂದು. ಸಲಾಂ ಹೇಳಲಿಲ್ಲ. ನಾನು ಮಾಡಿಟ್ಟಿದ್ದ ಪಾಯಸದ ಕಡೆಗೆ ನೋಡಲಿಲ್ಲ. ಹತ್ತು ನಿಮಿಷದಲ್ಲಿ ಎರಡು ಚೀಲ ತುಂಬಿಸಿ ಹೊರಟಳು. ಲಿಫ್ಟಿನವರೆಗೆ ಒಂದು ಚೀಲ ನಾನು ಹಿಡಿದುಕೊಂಡೆ. ಬೇಡ ಎನ್ನಲಿಲ್ಲ.

ಲಿಫ್ಟಿನ ಒಳಗೆ ನಿಂತ ಮೇಲೆ, ಗುಂಡಿ ಒತ್ತಿ, ನನ್ನನ್ನು ನೋಡದೆ ಹೇಳಿದಳು: "ನಿನ್ನೆ ಅವರು ಮಲಗಿದ್ರು ಮಾಮಿ. ಕೆನಡಾದಿಂದ ಬಂದ ಮೇಲೆ ಮೊದಲನೇ ಸಲ."

ಎಷ್ಟು ಹೊತ್ತು ಮಲಗಿದ ಎಂದು ಕೇಳುವಷ್ಟರಲ್ಲಿ ಬಾಗಿಲು ಮುಚ್ಚಿಕೊಂಡಿತು.